ಕದ್ದು ನೆಟ್ಟ ಮಲ್ಲಿಗೆ

ಕೇಳಿ ತಂದ ಗಿಡ ಹಿಡಿಯುವುದಿಲ್ಲ, ಕದ್ದು ತಂದದ್ದೇ ಹಿಡಿಯುವುದು ಎಂಬ ಮಾತು ಕುಂಟಾಲಗುಡ್ಡೆಯಲ್ಲಿ ಯಾವ ಕಾಲದಿಂದ ಇತ್ತೋ ಯಾರಿಗೂ ತಿಳಿಯದು. ಅಲ್ಲಿ ಮನೆಮನೆಗೂ ಮಲ್ಲಿಗೆ. ಅಂಗಳದ ಬದಿಯಲ್ಲಿ, ಬಾವಿಕಟ್ಟೆಯ ಸುತ್ತ, ಜಾಗವಿಲ್ಲದವರಿಗೆ ತಾರಸಿಯ ಮೇಲಿನ ಕುಂಡದಲ್ಲಿ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಶಂಕರಪುರದ ಹೂ ಮಾರುವ ಕಟ್ಟೆಗೆ ಕಳಿಸುವ ಊರು ಅದು. ಅಂಥ ಕಡೆ ಪಕ್ಕದ ಮನೆಯ ಗಿಡ ಮೈತುಂಬ ಮೊಗ್ಗು ಬಿಟ್ಟಿದ್ದು ಕಂಡರೆ ಅದರದೊಂದು ಗೆಲ್ಲು, ನೆಡಲೊಂದು ರೆಂಬೆ, ಬೇಕೆನಿಸುವುದು ಸಹಜ. ಆದರೆ ಕೇಳುವ ಹಾಗಿಲ್ಲ. ಕದಿಯಬೇಕು.

ಕದಿಯುವುದಕ್ಕೂ ಒಂದು ಮರ್ಯಾದೆ ಇತ್ತು. ಬೆನೆಡಿಕ್ಟಾ ಕಾಸ್ತೆಲಿನೊ, ಊರವರ ಬಾಯಲ್ಲಿ ಬೆನ್ನಿ ಬಾಯಿ, ಆ ಮರ್ಯಾದೆಯಲ್ಲಿ ಎಲ್ಲರಿಗಿಂತ ಮುಂದು. ಯಾರಾದರೂ ತನ್ನ ಗಿಡದ ಬಳಿ ಅತ್ತಿತ್ತ ನೋಡುತ್ತ ನಿಂತದ್ದು ಕಂಡರೆ ಸಾಕು, "ಅಯ್ಯೋ ದೇವ್ರೇ, ಒಲೆ ಮೇಲೆ ಹಾಲು ಇಟ್ಟಿದ್ದೆ" ಎನ್ನುತ್ತ ಒಳಗೆ ಹೋಗಿ ಪಾತ್ರೆಗಳನ್ನು ಢಣಢಣ ಬಡಿಯುತ್ತಿದ್ದರು. ನಾನು ಒಳಗಿದ್ದೇನೆ, ನಿನ್ನನ್ನು ನೋಡುತ್ತಿಲ್ಲ, ನಿಧಾನಕ್ಕೆ ಮುರಿದುಕೊ ಎಂದು ಅದರ ಅರ್ಥ.

ಪಕ್ಕದ ಮನೆಗೆ ಸೊಸೆಯಾಗಿ ಬಂದ ವಾರಿಜಳಿಗೆ ಇದು ಗೊತ್ತಿರಲಿಲ್ಲ. ಬೂಷ್ಟುಗಳ ಬಗ್ಗೆ ಓದಿ ಡಾಕ್ಟರೇಟು ಪಡೆದವಳು. ನೇರವಾಗಿ ಹೋಗಿ, ನಕ್ಕು, ಒಂದು ಗೆಲ್ಲು ಕೊಡಿ ಎಂದು ಕೇಳಿಯೇ ಬಿಟ್ಟಳು. ಬೆನ್ನಿ ಬಾಯಿ ಕೊಟ್ಟರು. ಅದು ಒಣಗಿತು. ಮತ್ತೆ ಕೇಳಿದಳು, ಮತ್ತೆ ಒಣಗಿತು. "ಕಾಲೇಜಲ್ಲಿ ಕದಿಯುವುದು ಮಾತ್ರ ಕಲಿಸಿಲ್ಲ ಇವಳಿಗೆ" ಎಂದು ಅತ್ತೆ ಅಪ್ಪಿಯಮ್ಮ ನಕ್ಕದ್ದು ನಕ್ಕದ್ದೇ.

ಆಮೇಲೆ ಬಂತು ಅರಸಿನ ರೋಗ.

ಎಲೆಯ ಅಡಿಯಲ್ಲಿ ಅರಸಿನದ ಹುಡಿ ಉದುರಿಸಿದ ಹಾಗೆ ಕಾಣುತ್ತಿದ್ದುದರಿಂದ ಆ ಹೆಸರು. ಮುಟ್ಟಿದರೆ ಕೈ ಹಳದಿ. ಅದೊಂದು ಜಾತಿಯ ತುಕ್ಕು, ಜೀವವಿರುವ ಮಲ್ಲಿಗೆಯ ಮೇಲಲ್ಲದೆ ಬೇರೆಲ್ಲೂ ಬದುಕಲಾರದ ಬೂಷ್ಟು. ಎಲೆ ಮುರುಟಿ, ಮೊಗ್ಗು ಗಂಟುಕಟ್ಟಿ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕರಾವಳಿಯ ಮದುವಣಗಿತ್ತಿಯರು ಕಾಗದದ ಹೂ ಮುಡಿಯುವ ಕಾಲ ಬಂತು. ಬೆನ್ನಿ ಬಾಯಿಯ ಗಿಡಗಳಿಗೂ ರೋಗ ಬಂದಿತ್ತು, ಆದರೆ ಅವು ಸಾಯಲಿಲ್ಲ. ಒಂದು ಸಂಜೆ ಬೇಲಿಯಾಚೆ ಬಗ್ಗಿ ನೋಡಿದ ವಾರಿಜಳಿಗೆ ಕಂಡದ್ದೇನು? ಆ ಅರಸಿನದ ಹುಡಿಯ ನಡುವೆ ಎಳ್ಳು ಚೆಲ್ಲಿದಂತೆ ಸಣ್ಣ ಕರಿ ಚುಕ್ಕಿಗಳು. ಚುಕ್ಕಿ ಇದ್ದಲ್ಲಿ ಹಳದಿ ಸುಕ್ಕಿ, ಬಣ್ಣಗೆಟ್ಟು, ಉದುರುತ್ತಿತ್ತು. ತುಕ್ಕನ್ನೇ ತಿಂದು ಬದುಕುವ ಇನ್ನೊಂದು ಬೂಷ್ಟು!

"ಬೆನ್ನಿ ಬಾಯಿ, ಒಂದು ಎಲೆ ತಕೊಳ್ಳಲಾ?"

"ಎಲೆಗೆ ಎಂತ ಕೇಳುವುದು ಮಾರಾಯ್ತಿ? ತಕೊ." ಮತ್ತೆ ತಲೆಯಾಡಿಸಿ ಅಂದರು: "ಕೇಳಬಾರದಿತ್ತು ನೀನು. ಹಿಡಿಲಿಕ್ಕಿಲ್ಲ ನೋಡು."

ಆದರೆ ಹಿಡಿಯಿತು, ಅಥವಾ ಹಿಡಿದ ಹಾಗೆ ಕಂಡಿತು. ಗುಡ್ಡದ ಮೇಲಿನ ಸಸ್ಯರಕ್ಷಾ ಕೇಂದ್ರದಲ್ಲಿ, ವಾರಿಜ ಕೆಲಸ ಮಾಡುವ ಕಡೆ, ಆ ಎಲೆಯ ಎಳ್ಳು ಬೂಷ್ಟುಗಳಲ್ಲಿ ಎಲ್ಲಕ್ಕಿಂತ ಬೇಗ ಬೆಳೆಯುವ ಒಂದನ್ನು ಆರಿಸಿ ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿದರು. ಬೆಲ್ಲದ ನೀರು, ಬಟಾಟೆಯ ಗಂಜಿ ಅದರ ಊಟ. 'ಕವಚ' ಎಂದು ಹೆಸರಿಟ್ಟರು. ಪುಟ್ಟ ಹಾರುಯಂತ್ರಗಳು ಬೆಳಿಗ್ಗೆ ಬಂದು ಅದನ್ನು ಊರಿನ ಮೇಲೆಲ್ಲ ಮಂಜಿನಂತೆ ಸಿಂಪಡಿಸಿದವು. ಮಲ್ಲಿಗೆ ಮರಳಿತು. ಕೇಂದ್ರಕ್ಕೆ ಬಹುಮಾನ ಬಂತು. ಎಲೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ವಾರಿಜ ವರದಿಯಲ್ಲಿ ಬೆನ್ನಿ ಬಾಯಿಯ ಹೆಸರು ಬರೆದಿದ್ದಳು. ಅಚ್ಚಾಗಿ ಬಂದಾಗ ಅಲ್ಲಿ 'ಸ್ಥಳೀಯ ಮಾದರಿ' ಎಂದಷ್ಟೇ ಇತ್ತು.

ಬಹುಮಾನದ ಬೆನ್ನಿಗೆ ಕಾನೂನು ಬಂತು. ಗಿಡವನ್ನು ಕೇಂದ್ರದಿಂದಲೇ, ಹಬೆ ಹಾಯಿಸಿ ಶುದ್ಧ ಮಾಡಿದ್ದನ್ನೇ ತರಬೇಕು. ಗೆಲ್ಲು ಕೊಡುವುದು, ಕದಿಯುವುದು ಎರಡೂ ಅಪರಾಧ. ಹಳದಿ ಕಂಡ ಎಲೆಯನ್ನು ಅಂದೇ ಕಿತ್ತು ಸುಡಬೇಕು. ಕವಚವಲ್ಲದ ಬೇರೆ ಎಳ್ಳು ಬೂಷ್ಟು ಯಾವ ಅಂಗಳದಲ್ಲೂ ಇರಕೂಡದು. ಕಾವಲಿಗೆ ಓಣಿ ಓಣಿಗೂ ಮೂಗುಕಂಬ ನೆಟ್ಟರು: ಗಾಳಿಯನ್ನು ಎಳೆದುಕೊಂಡು, ಅದರಲ್ಲಿ ತೇಲುವ ಬೂಷ್ಟಿನ ಕಣದ ಕುಲಗೋತ್ರ ಓದುವ ಕಂಬ. ಕವಚ ಸಿಕ್ಕಿದರೆ ಕೇಂದ್ರದ ನಕಾಶೆಯಲ್ಲಿ ಹಸಿರು, ಬೇರೆ ಯಾವುದಾದರೂ ಎಳ್ಳು ಬೂಷ್ಟು ಸಿಕ್ಕಿದರೆ ಕೆಂಪು.

ಬೆನ್ನಿ ಬಾಯಿಯ ಅಂಗಳದಲ್ಲಿ ಪಾತ್ರೆ ಬಡಿಯುವ ಸದ್ದು ನಿಂತಿತು.

*

ಕೆಲವು ವರ್ಷ ಸುಮ್ಮನಿದ್ದು, ಈ ವರ್ಷದ ಬೇಸಿಗೆಯ ಮಳೆಗೆ ಅರಸಿನ ರೋಗ ಮತ್ತೆ ಬಂತು.

ಕೇಂದ್ರದ ನಿಯಂತ್ರಣ ಕೊಠಡಿಯ ಗೋಡೆ ತುಂಬ ನಕಾಶೆ. ಕಾಪುವಿನಿಂದ ಕಲ್ಯಾಣಪುರದವರೆಗೆ ಹುಲ್ಲು ಹಾಸಿದಂತೆ ಹಸಿರು. ಅದರ ಕೆಳಗೆ ಕೂತ ಸಹಾಯಕಿ ಶರೀಫಾಳ ಫೋನು ಮಾತ್ರ ಸುಮ್ಮನಿರುತ್ತಿರಲಿಲ್ಲ. "ಹೌದು ಅಕ್ಕ, ಗೊತ್ತಾಯ್ತು. ಎಲೆ ಹಳದಿ ಆಗಿದೆ. ನಮ್ಮ ಮ್ಯಾಪಲ್ಲಿ ಮಾತ್ರ ನಿಮ್ಮನೆ ಹಸಿರುಂಟು... ಬೈಬೇಡಿ ಅಕ್ಕ, ನಾನೂ ಹೂ ಮುಡಿಯುವವಳೇ." ಫೋನಿಟ್ಟು ಅವಳು ವಾರಿಜಳತ್ತ ತಿರುಗಿದಳು. "ಮೇಡಂ, ಈ ಕಂಬಗಳಿಗೆ ನೆಗಡಿ ಆಗಿದೆಯಾ ಎಂತ?"

ಕಂಬಗಳಿಗೆ ನೆಗಡಿಯಾಗಿರಲಿಲ್ಲ. ಕವಚ ಗಾಳಿಯಲ್ಲಿ ಧಾರಾಳವಾಗಿತ್ತು. ಕಂಬ ಅದನ್ನೇ ಹೇಳುತ್ತಿತ್ತು. ಕವಚ ಕೆಲಸ ಮಾಡುತ್ತಿದೆಯೇ ಎಂದು ಯಾರೂ ಕಂಬವನ್ನು ಕೇಳಿರಲಿಲ್ಲ. ತುಕ್ಕನ್ನೂ ನಕಾಶೆಯಲ್ಲಿ ತೋರಿಸೋಣ ಎಂದು ವಾರಿಜ ಮೊದಲೇ ಹೇಳಿದ್ದಳು. "ಇನ್ನೂ ಒಂದು ಬಣ್ಣ ಹಾಕಿದರೆ ಜನಕ್ಕೆ ಗೊಂದಲವಾಗುತ್ತೆ" ಎಂದು ನಿರ್ದೇಶಕ ಡಾ. ರಾಜಶೇಖರಯ್ಯ ಅದನ್ನು ಬದಿಗಿಟ್ಟಿದ್ದರು.

ಅವಳು ಊರಿನ ರೋಗದ ಎಲೆಗಳನ್ನು ತಂದು ಸೂಕ್ಷ್ಮದರ್ಶಕದಡಿ ಇಟ್ಟಳು. ಕವಚದ ಕಣಗಳು ತುಕ್ಕಿನ ಮೇಲೆ ಸುಮ್ಮನೆ ಕೂತಿದ್ದವು, ಬೀಗ ಹಾಕಿದ ಮನೆಯ ಮುಂದೆ ನೆಂಟರು ಕೂತ ಹಾಗೆ. ಮೊಳೆಯಲಿಲ್ಲ, ಬೇರಿಳಿಸಲಿಲ್ಲ. ತುಕ್ಕು ಈ ವರ್ಷಗಳಲ್ಲಿ ತನ್ನ ಮೈಯ ಹೊದಿಕೆ ಬದಲಿಸಿಕೊಂಡಿತ್ತು. ಅದನ್ನು ತಿನ್ನುವವರು ಜೊತೆಜೊತೆಗೇ ಬದಲಾಗಬೇಕಿತ್ತು. ಹೊರಗೆ, ಎಲೆಯ ಮೇಲೆ, ಹಸಿವಿನಲ್ಲಿ ಬದುಕಿದ್ದರೆ ಹತ್ತರಲ್ಲಿ ಒಂದಾದರೂ ಹೊಸ ಬೀಗಕ್ಕೆ ಹೊಸ ಕೀಲಿ ಕಂಡುಕೊಳ್ಳುತ್ತಿತ್ತು. ತೊಟ್ಟಿಯಲ್ಲಿ ಬೆಲ್ಲ ಕುಡಿದು ಬೆಳೆದ ಕವಚಕ್ಕೆ ಯಾವ ಬೀಗವೂ ಇರಲಿಲ್ಲ. ಇದ್ದ ಕೀಲಿಯನ್ನೂ ಮರೆತಿತ್ತು. ಎಲ್ಲ ಊರಿಗೂ ಒಂದೇ ಕುಲ, ಒಂದೇ ನಾಲಗೆ. ಅದು ಸೋತರೆ ಎಲ್ಲ ಕಡೆ ಒಟ್ಟಿಗೇ ಸೋಲು.

ಸಂಜೆ ಮನೆಗೆ ಬಂದರೆ ಅಪ್ಪಿಯಮ್ಮ ಜಗಲಿಯಲ್ಲಿ ಬಾಳೆನಾರು ಹಿಡಿದು ಕೂತಿದ್ದರು. ಎದುರಿನ ತಟ್ಟೆಯಲ್ಲಿ ಒಂದು ಹಿಡಿ ಮೊಗ್ಗು. "ಒಂದು ಚೆಂಡಿಗೂ ಸಾಲ್ಲಿಕ್ಕಿಲ್ಲ. ನಿಮ್ಮ ಕವಚವೋ ಗಿವಚವೋ, ಬೆಳಿಗ್ಗೆಯೂ ಬಂದು ತಲೆ ಮೇಲೆ ಉಗಿದು ಹೋಯ್ತು."

"ಅದು ಸತ್ತಿದೆ ಅತ್ತೆ."

"ಸತ್ತದ್ದನ್ನು ಉಗಿಯುವುದು ಎಂತಕ್ಕೆ ಮತ್ತೆ?" ಅಪ್ಪಿಯಮ್ಮ ದನಿ ತಗ್ಗಿಸಿದರು. "ಬೆನ್ನಿಯ ಗಿಡ ನೋಡಿದ್ಯಾ? ಮೊಗ್ಗಲ್ಲಿ ಎಲೆ ಕಾಣ್ತಿಲ್ಲ. ನಿನ್ನೆ ಅರ್ಧ ಚೆಂಡು ತಂದು ಕೊಟ್ಟಳು, ದೇವರಿಗೆ ಇಡು ಅಂತ. ಅವಳ ದೇವರಿಗೆ ಇಟ್ಟಾಯ್ತಂತೆ."

ವಾರಿಜ ಬೇಲಿ ದಾಟಿದಳು. ಬೆನ್ನಿ ಬಾಯಿ ಮೀನು ತೊಳೆದ ನೀರನ್ನು ಗಿಡದ ಬುಡಕ್ಕೆ ಹೊಯ್ಯುತ್ತಿದ್ದರು. "ಇದೇ ಗುಟ್ಟು ನೋಡು. ಬಂಗುಡೆ ನೀರು. ಬೂತಾಯಿದು ಆಗುವುದಿಲ್ಲ, ಬಂಗುಡೆಯದ್ದೇ ಆಗಬೇಕು. ನಿನ್ನ ಆಫೀಸಲ್ಲಿ ಹೇಳು."

ಗುಟ್ಟು ಬಂಗುಡೆಯಲ್ಲಿರಲಿಲ್ಲ, ಬೆನ್ನಿ ಬಾಯಿಯ ಮಂಡಿಯಲ್ಲಿತ್ತು. ಮಂಡಿನೋವಿನಿಂದ ಅವರಿಗೆ ಬಗ್ಗಲಾಗುತ್ತಿರಲಿಲ್ಲ. ಕಣ್ಣಳತೆಯ ಹಳದಿ ಎಲೆಗಳನ್ನು ಕಾನೂನಿನಂತೆ ಕಿತ್ತು ಸುಟ್ಟಿದ್ದರು. ಬುಡದವನ್ನು ಹಾಗೆಯೇ ಬಿಟ್ಟಿದ್ದರು. ವಾರಿಜ ಮಣ್ಣಿನ ಮೇಲೆ ಮಂಡಿಯೂರಿ ಒಂದೊಂದೇ ಎಲೆ ಮಗುಚಿದಳು. ಅಲ್ಲಿ ಅರಸಿನವೂ ಇತ್ತು, ಎಳ್ಳೂ ಇತ್ತು. ಈ ಗಿಡ ಪಾದ್ರಿಗಳ ತೋಟದಿಂದ ಕದ್ದದ್ದು, ಆಚೆಯದ್ದು ಕಟಪಾಡಿಯ ಮದುವೆಮನೆಯಿಂದ, ಬಾವಿಯ ಬಳಿಯದ್ದು ಯಾರೋ ಬಸ್ಸಿನಲ್ಲಿ ಪರಿಚಯವಾದವರ ಅಂಗಳದಿಂದ. ಒಂದೊಂದು ಗೆಲ್ಲಿನ ಜೊತೆ ಅಲ್ಲಲ್ಲಿಯ ತುಕ್ಕು ಬಂದಿತ್ತು, ತುಕ್ಕಿನ ಜೊತೆ ಅದನ್ನೇ ತಿಂದು ಕಲಿತ ಎಳ್ಳು ಬೂಷ್ಟು ಬಂದಿತ್ತು. ಎಷ್ಟೋ ಕುಲ, ಎಷ್ಟೋ ನಾಲಗೆ. ಹೊಸ ತುಕ್ಕು ಬಂದಾಗ ಕೆಲವು ಸೋತಿದ್ದವು, ಕೆಲವು ಗೆದ್ದಿದ್ದವು. ಕೊಂಚ ರೋಗವನ್ನು ಬದುಕಲು ಬಿಟ್ಟ ಅಂಗಳದಲ್ಲಿ ಮಾತ್ರ ರೋಗವನ್ನು ತಿನ್ನುವವು ಬದುಕಿದ್ದವು. ಉಳಿದವರು ಕಾನೂನನ್ನು ಪಾಲಿಸಿ ಅವನ್ನು ಉಪವಾಸ ಕೆಡವಿ ಕೊಂದಿದ್ದರು.

"ಎಂತ ಕೂತದ್ದು ಕೆಸರಲ್ಲಿ? ಏಳು, ಚಾ ಮಾಡ್ತೇನೆ" ಎಂದರು ಬೆನ್ನಿ ಬಾಯಿ. ವಾರಿಜ ಇನ್ನೊಂದು ಎಲೆ ಮಗುಚಿದಳು. ಕರಾವಳಿಯ ಮಲ್ಲಿಗೆಯೆಲ್ಲ ಈಗ ಈ ಬುಡದ ಎಲೆಗಳಲ್ಲಿತ್ತು.

*

ಆ ತಿಂಗಳೇ ಕಂಬಗಳಿಗೆ ಹೊಸ ಮೂಗು ಹಾಕಿದರು. ಹಳೆಯ ಮೂಗಿಗೆ ಬೆನ್ನಿ ಬಾಯಿಯ ಬೂಷ್ಟು ಕವಚದಂತೆಯೇ ಕಾಣುತ್ತಿತ್ತು, ಎರಡರ ಮೂಲ ಒಂದೇ ತಾನೆ. ಹೊಸದು ಚುರುಕು. ಹಸಿರು ನಕಾಶೆಯಲ್ಲಿ ಒಂದೇ ಒಂದು ಕೆಂಪು ಚುಕ್ಕಿ ಹೊತ್ತಿತು.

ನೋಟೀಸು ತಂದವನಿಗೆ ಬೆನ್ನಿ ಬಾಯಿ ಬೆಲ್ಲ ನೀರು ಕೊಟ್ಟು ಕಳಿಸಿ, ಕಾಗದವನ್ನು ವಾರಿಜಳ ಕೈಗಿಟ್ಟರು. "ಕನ್ನಡಕ ಸಿಕ್ಕಲಿಲ್ಲ. ಎಂತ ಬರೆದದ್ದು ಓದು."

ವಾರಿಜ ಓದಿದಳು. ಸೋಮವಾರ ಗಿಡಗಳನ್ನೆಲ್ಲ ಬುಡಸಹಿತ ಕಿತ್ತು ಸುಡಲಾಗುವುದು. ಅದಕ್ಕಿಂತ ಕೆಳಗೆ: ಸದರಿ ಅಂಗಳದ ಬೂಷ್ಟು ಬಹುಪಾಲು ಕವಚವನ್ನೇ ಹೋಲುತ್ತಿರುವುದರಿಂದ, ಕೇಂದ್ರದ ಸ್ವತ್ತನ್ನು ಕಳವು ಮಾಡಿ ವಿರೂಪಗೊಳಿಸಿದ ಆರೋಪವೂ ಇದೆ.

ಬೆನ್ನಿ ಬಾಯಿ ಎರಡು ಸಲ ಕೇಳಿಸಿಕೊಂಡರು. "ನಾನು ಕದ್ದದ್ದಾ? ಅವರದ್ದನ್ನಾ?" ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡು ಮಡಚಿದರು. "ಎಲೆ ತಕೊಂಡು ಹೋದದ್ದು ನೀನಲ್ವಾ ವಾರಿಜಾ?"

ವಾರಿಜ ಅದೇ ಉಟ್ಟಬಟ್ಟೆಯಲ್ಲಿ ಗುಡ್ಡ ಹತ್ತಿ ನಿರ್ದೇಶಕರ ಕೋಣೆಗೆ ಹೋದಳು. ಅವರ ಮೇಜಿನ ಮೇಲೆ, ಗಣಪತಿಯ ಪುಟ್ಟ ಮೂರ್ತಿಗೆ, ಒಂದು ತುಂಡು ಮಲ್ಲಿಗೆ ಇತ್ತು.

"ಸಾರ್, ಈ ಹೂ ಎಲ್ಲಿಯದು?"

"ಮನೆಯವಳು ಇಟ್ಟಿದ್ದು. ಯಾಕೆ?"

"ನಿಮ್ಮ ಮನೆಯವರು ಶುಕ್ರವಾರ ಶುಕ್ರವಾರ ಹೂ ತರಿಸುವುದು ಬೆನೆಡಿಕ್ಟಾ ಅವರಿಂದ. ಬೇರೆ ಯಾರ ಹತ್ತಿರವೂ ಈಗ ಹೂವಿಲ್ಲ. ಸೋಮವಾರ ನೀವು ಸುಡಲಿಕ್ಕೆ ಹೊರಟದ್ದು ಅದನ್ನೇ."

ರಾಜಶೇಖರಯ್ಯ ಕೆಟ್ಟವರಲ್ಲ. ಕುರ್ಚಿ ತೋರಿಸಿದರು, ನೀರು ತರಿಸಿದರು. "ವಾರಿಜ, ನೀವು ಎಲೆಗಳ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ ಓದಿದೆ. ಚೆನ್ನಾಗಿದೆ. ವೈವಿಧ್ಯ ಅನ್ನೋದು ಪ್ರಬಂಧದಲ್ಲಿ ಬರೆಯೋಕೆ ಸರಿ. ಕಾನೂನಿಗೆ ಗೊತ್ತಿರೋದು ಒಂದೇ ತಳಿ. ಹತ್ತು ತಳಿಗೆ ನಾನು ಹೇಗೆ ಪರವಾನಗಿ ತರಲಿ? ಬೇಕಿದ್ರೆ ಮಾದರಿ ತಗೊಂಡು ಶೀತಪೆಟ್ಟಿಗೆಯಲ್ಲಿಡಿ, ಆಮೇಲೆ ಸುಟ್ಟರಾಯ್ತು."

"ಶೀತಪೆಟ್ಟಿಗೆಯಲ್ಲಿ ಇಟ್ಟದ್ದು ಮತ್ತೊಂದು ಕವಚ ಆಗ್ತದೆ ಸಾರ್, ಇಂದಿನ ತುಕ್ಕಿಗೆ ಮಾತ್ರ. ಅವು ಕಲಿಯುವುದು ಎಲೆಯ ಮೇಲೆ. ಗಿಡ ಇರಬೇಕು, ರೋಗ ಇರಬೇಕು, ಆಗ ಮದ್ದು ಇರ್ತದೆ."

"ರೋಗ ಇರಬೇಕು ಅಂತ ಸಸ್ಯರಕ್ಷಾ ಕೇಂದ್ರದವರು ಹೇಳೋಕಾಗುತ್ತಾ?" ಅವರು ನಕ್ಕರು. "ಮೇಲಾಗಿ ಆಕೆ ನಿಮ್ಮ ನೆರೆಮನೆಯವರು. ನೀವು ಮಾತಾಡದಿದ್ರೇ ಒಳ್ಳೇದು."

"ಆಕೆಯ ಅಂಗಳದ ಎಲೆ ತಂದು ನೀವು ಬಹುಮಾನ ತಕೊಂಡಿರಿ. ಹೆಸರು ಅಳಿಸಿದಿರಿ. ಈಗ ಆಕೆಯ ಮನೆಯಲ್ಲಿ ಹುಟ್ಟಿ ಆಕೆಯ ಮನೆಯಲ್ಲೇ ಬೆಳೆದದ್ದನ್ನು ನಿಮ್ಮಿಂದ ಕದ್ದದ್ದು ಅಂತೀರಿ. ಹಾಲು ಕರೆದುಕೊಂಡು ಹೋದವರು ದನವನ್ನೂ ನಮ್ಮದು ಅಂದ ಹಾಗಾಯ್ತಲ್ಲ ಸಾರ್!" ವಾರಿಜಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತ್ತು. ಹೊರಗೆ ಬೆರಳಚ್ಚಿನ ಸದ್ದು ನಿಂತಿತು.

ನಿರ್ದೇಶಕರು ಮೇಜಿನ ಗಂಟೆ ಒತ್ತಿದರು. ವಾರಿಜಳ ಪ್ರಯೋಗಾಲಯದ ಕೀಲಿ ಅಂದೇ ಬೇರೆಯವರ ಕೈಗೆ ಹೋಯಿತು. ಅವಳನ್ನು ನಿಯಂತ್ರಣ ಕೊಠಡಿಯ ಪಾಳಿಗೆ ಹಾಕಿದರು, ಭಾನುವಾರವೂ ಸೇರಿಸಿ.

*

ಭಾನುವಾರ ಬೆಳಿಗ್ಗೆ ಬೆನ್ನಿ ಬಾಯಿ ಜರಿಸೀರೆ ಉಟ್ಟು, ಕೊಡೆ ಹಿಡಿದು ಓಣಿಯ ನಡುವೆ ನಿಂತರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅಪ್ಪೀ! ಕೇಳ್ತದಾ? ನಾನು ಇಗರ್ಜಿಯ ಪೂಜೆಗೆ ಹೋಗ್ತಿದ್ದೇನೆ! ಅಲ್ಲಿಂದ ತಂಗಿ ಮನೆಗೆ! ಬರುವಾಗ ಸಂಜೆ ಆಗ್ತದೆ! ಗೇಟಿನ ಬೀಗ ಹಾಳಾಗಿದೆ ಮಾರಾಯ್ತಿ, ಎಂತ ಮಾಡುವುದು!"

"ಹೋಗಿ ಬಾ! ನನಗೆ ಇವತ್ತು ಕಣ್ಣೇ ಕಾಣುವುದಿಲ್ಲ!" ಎಂದರು ಅಪ್ಪಿಯಮ್ಮ ಇನ್ನೂ ಗಟ್ಟಿಯಾಗಿ.

ವಾರಿಜ ಬುತ್ತಿ ಹಿಡಿದು ಕೆಲಸಕ್ಕೆ ಹೊರಟವಳು ಜಗಲಿಯಲ್ಲಿ ನಿಂತಳು. ತನ್ನ ಮನೆಯದನ್ನೇ ಊರವರಿಗೆ ಕದಿಯಲು ಬಿಟ್ಟು ಹೋಗುವ ಸ್ಥಿತಿ ಈ ಹೆಂಗಸಿಗೆ ಬಂತಲ್ಲ. ಕೊಡುವುದು ಅಪರಾಧ ಎಂದು ಬರೆದವರಿಗೆ ಯಾವ ಶಿಕ್ಷೆ? ಆಗಲೇ ಓಣಿಯ ತುದಿಯಲ್ಲಿ ಮೀನಿನ ಬುಟ್ಟಿ ಹೊತ್ತ ಸುಗಂಧಿ, ಕೈಚೀಲ ಹಿಡಿದ ಕೊರಗಪ್ಪ ಮಾಸ್ತರರು, ಇಗರ್ಜಿಯ ದಾರಿ ಬಿಟ್ಟು ಇತ್ತ ತಿರುಗಿದ ಇಬ್ಬರು ಹುಡುಗಿಯರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಒಳಗೆ ಅಪ್ಪಿಯಮ್ಮ ಪಾತ್ರೆ ಬಡಿಯತೊಡಗಿದರು. ಢಣ, ಢಣ, ಢಣ.

ಅದು ತನಗೆ ಎಂದು ವಾರಿಜಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳು ಬೇಲಿ ದಾಟಿ, ಬಾವಿಯ ಬಳಿಯ ಗಿಡದ ಬುಡಕ್ಕೆ ಕೈಹಾಕಿ, ಎಲೆ ಉದುರದ ಹಾಗೆ ಒಂದು ಗೆಲ್ಲು ಮುರಿದಳು. ಬುತ್ತಿಯ ಅನ್ನವನ್ನು ಅಲ್ಲೇ ಕಾಗೆಗೆ ಹಾಕಿ, ಗೆಲ್ಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗೆ ಮಲಗಿಸಿದಳು. ಓಣಿಯಲ್ಲಿ ಅವಳಿಗೆ ಎದುರಾದವಳು ನಿರ್ದೇಶಕರ ಹೆಂಡತಿ ಚಂಚಲಾಕ್ಷಿ. ಕಾಪುವಿನ ಹೆಣ್ಣುಮಗಳು. ಬಗಲಲ್ಲಿ ಖಾಲಿ ಹೂಬುಟ್ಟಿ.

"ಬೆನ್ನಿ ಬಾಯಿ ಇಲ್ಲ ಅಲ್ವಾ?" ಎಂದಳು, ಆಕಾಶ ನೋಡುತ್ತ.

"ಇಲ್ಲ" ಎಂದಳು ವಾರಿಜ, ನೆಲ ನೋಡುತ್ತ.

ಸೋಮವಾರ ಕಿತ್ತರು. ಬಿಸಿಲಿತ್ತು. ಕೀಳಲು ಬಂದ ಆಳುಗಳು ಬೆವರುವುದನ್ನು ನೋಡಲಾರದೆ ಬೆನ್ನಿ ಬಾಯಿ ಎಲ್ಲರಿಗೂ ಚಾ ಮಾಡಿದರು. ಅವರ ತಪ್ಪೇನು, ಪಾಪ. ಅವರಲ್ಲೊಬ್ಬ ಲೋಟ ಹಿಂದಿರುಗಿಸುವಾಗ ತಲೆ ಎತ್ತಲಿಲ್ಲ. ಅವನ ಅಂಗಿಯ ಕಿಸೆಯಿಂದ ಎರಡೆಲೆ ಇಣುಕುತ್ತಿತ್ತು. ಬೆನ್ನಿ ಬಾಯಿ ಬಾವಿಕಟ್ಟೆಗೆ ಕೈಯೂರಿ ನೀರಿನ ಮಟ್ಟ ನೋಡತೊಡಗಿದರು, ಅವನು ಗೇಟು ದಾಟುವವರೆಗೂ.

ಆದರೆ ಬೆಂಕಿ ಹಾಕಿದಾಗ ಅವರಿಗೆ ನಿಲ್ಲಲಾಗಲಿಲ್ಲ. ಹಸಿ ಮಲ್ಲಿಗೆ ಸುಲಭಕ್ಕೆ ಉರಿಯುವುದಿಲ್ಲ. ಹೊಗೆ ಬಿಡುತ್ತದೆ, ಮೊಗ್ಗಿನ ಕಂಪಿನ ಜೊತೆಗೆ. ಅಪ್ಪಿಯಮ್ಮ ಅವರ ಕೈಹಿಡಿದು ತನ್ನ ಜಗಲಿಗೆ ಕರೆತಂದು ಕೂರಿಸಿದರು. ಸಂಜೆಯವರೆಗೂ ಇಬ್ಬರೂ ಬಾಳೆನಾರು ಸೀಳುತ್ತ ಕೂತರು.

*

ಮಳೆಗಾಲ ಹಿಡಿಯಿತು. ಎಳ್ಳು ಬೂಷ್ಟಿಗೆ ಗಾಳಿಗಿಂತ ಮಳೆಹನಿ ಹೆಚ್ಚು ನೆಂಟ. ಒಂದು ಹನಿ ಎಲೆಗೆ ಬಡಿದು ಸಿಡಿದರೆ ಪಕ್ಕದ ಗಿಡಕ್ಕೆ ದಾಟುತ್ತದೆ. ಕದ್ದ ಗೆಲ್ಲುಗಳನ್ನು ಜನ ಹಿತ್ತಿಲಲ್ಲಿ, ಹಳೆಯ ಬಾಲ್ದಿಯಲ್ಲಿ, ರೋಗದ ಗಿಡಗಳ ನಡುವೆಯೇ ನೆಟ್ಟಿದ್ದರು. ಬೂಷ್ಟಿಗೆ ಬೇಕಾದದ್ದೂ ಅದೇ. ಕದ್ದವರಿಂದ ಇನ್ನೊಬ್ಬರು ಕದ್ದರು, ಅವರಿಂದ ಮತ್ತೊಬ್ಬರು. ಮಾತೆ ಮರಿಯಳ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಮಕ್ಕಳು ಆಕೆಯ ಮುಂದೆ ಎರಚುವ ಹೂಗಳಲ್ಲಿ ಅಲ್ಲೊಂದು ಇಲ್ಲೊಂದು ಮಲ್ಲಿಗೆ ಕಂಡಿತು.

ಹಬ್ಬದ ಮರುದಿನ ಬೆಳಿಗ್ಗೆ ವಾರಿಜ ಪಾಳಿಯಲ್ಲಿದ್ದಳು. ಮಳೆ ಬಿಟ್ಟು ಗಾಳಿ ತೆರೆದಿತ್ತು.

"ಮೇಡಂ" ಎಂದಳು ಶರೀಫಾ, ನಿಧಾನವಾಗಿ. "ಕೆಂಪು."

ಮೊದಲು ಕುಂಟಾಲಗುಡ್ಡೆಯಲ್ಲಿ, ವಾರಿಜಳದ್ದೇ ಮನೆ. ಆಮೇಲೆ ಶಾಲೆಯ ಓಣಿ. ಬಂದರಿನ ದಾರಿ. ಹೊಳೆಯಾಚೆ. ನಕಾಶೆಗೆ ದಡಾರ ಎದ್ದ ಹಾಗೆ ಕೆಂಪು ಚುಕ್ಕಿಗಳು ಒಂದರ ಪಕ್ಕ ಒಂದು ಮೂಡುತ್ತ ಬಂದವು. ನಿಯಮದಂತೆ ಪ್ರತಿ ಚುಕ್ಕಿಗೂ ಗುಂಡಿ ಒತ್ತಬೇಕು. ಒತ್ತಿದರೆ ಕೀಳುವ ಬಂಡಿ ಹೊರಡುತ್ತದೆ. ಬಂಡಿ ಇದ್ದದ್ದು ಎರಡು.

ಶರೀಫಾ ಕುರ್ಚಿ ಸರಿಸಿ ಎದ್ದಳು. "ನಾನು ಚಾ ಮಾಡ್ತೇನೆ ಮೇಡಂ. ನಂಗೆ ಎಂತದೂ ಕಾಣ್ಲಿಲ್ಲ." ಪಕ್ಕದ ಕೋಣೆಯಿಂದ ಲೋಟಗಳನ್ನು ಒಂದಕ್ಕೊಂದು ಬಡಿಯುವ ಸದ್ದು ಬಂತು, ಬೇಕಾದ್ದಕ್ಕಿಂತ ಜೋರಾಗಿ.

ವಾರಿಜ ಆ ಸದ್ದನ್ನು ಕೇಳುತ್ತ ಕೂತಳು. ಆ ಪ್ರೀತಿಗೆ ಅವಳ ಕಣ್ಣು ಒದ್ದೆಯಾಯಿತು. ಆದರೆ ನೋಡದ ಹಾಗೆ ಇರುವುದು ಇವತ್ತಿಗೆ ಸಾಲದು. ಕದಿಯುವವರ ಮಾನ ಕಾಯಲು ಮುಖ ತಿರುಗಿಸಬಹುದು. ಕಸಿದುಕೊಂಡವರ ಮುಂದೆ ಯಾಕೆ ತಿರುಗಿಸಬೇಕು? ಅವಳು ಫೋನೆತ್ತಿ ನಿರ್ದೇಶಕರ ಮನೆಗೆ ಕರೆಮಾಡಿದಳು.

"ಸಾರ್, ನಕಾಶೆ ಪೂರ್ತಿ ಕೆಂಪಾಗ್ತಾ ಉಂಟು. ಯಾವ ಮನೆಯದ್ದೂ ನಾನು ಒತ್ತಲಿಲ್ಲ, ಒತ್ತುವುದೂ ಇಲ್ಲ. ಎಲ್ಲಿಂದ ಸುಡಲಿಕ್ಕೆ ಶುರು ಮಾಡುವುದು, ನೀವೇ ಬಾಯಿಬಿಟ್ಟು ಹೇಳಿ. ಮೊದಲನೆಯದು ನನ್ನ ಮನೆ. ನಾನೇ ಕದ್ದದ್ದು. ಬೆನೆಡಿಕ್ಟಾ ಕಾಸ್ತೆಲಿನೊ ಅವರ ಅಂಗಳದಿಂದ. ಆ ಹೆಸರು ಈ ಸಲ ಅಳಿಸ್ಲಿಕ್ಕೆ ಆಗುವುದಿಲ್ಲ, ಊರು ಪೂರ್ತಿ ನೆಟ್ಟಾಗಿದೆ."

"ಏನು ಮಾತು ಇದು ವಾರಿಜ? ಎಲ್ಲೆಲ್ಲಿ ಕೆಂಪಾಗಿದೆ, ಓದಿ."

ಅವಳು ಓದತೊಡಗಿದಳು. ನಡುವೆ ನಿಂತಳು. ಗುಡ್ಡದ ಕೆಳಗಿನ ಅಧಿಕಾರಿಗಳ ವಸತಿ ಸಾಲಿನಲ್ಲಿ, ಮೊದಲ ಮನೆಯ ಮೇಲೆ, ಚುಕ್ಕಿ ಈಗಷ್ಟೆ ಹೊತ್ತಿತ್ತು.

"ನಿಮ್ಮ ಹಿತ್ತಿಲು ಸಾರ್."

ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು. ಅವರು ಎದ್ದು ಕಿಟಕಿಯ ಬಳಿ ಹೋದಂತಿತ್ತು. "ಚಂಚಲಾ, ಯಾರದು ನಮ್ಮ ಹಿತ್ತಿಲಲ್ಲಿ? ಗಿಡದ ಹತ್ತಿರ ಯಾರೋ ನಿಂತಿದಾರಲ್ಲ?" ಎಂದು ಅವರು ಕೂಗಿದ್ದು ದೂರದಿಂದ ಕೇಳಿಸಿತು.

ಉತ್ತರ ಬಂದದ್ದು ಅಡುಗೆಮನೆಯಿಂದ. ಢಣ, ಢಣ, ಢಣ.